ಎರಡು ಗಂಟೆಗೊಮ್ಮೆ ತಿರುಗಿಸಿ

ಏಪ್ರಿಲ್ ೩
ಆಸ್ಪತ್ರೆಯ ಹಾಸ್ಟೆಲ್

ಡ್ರೈವರ್ ಸಾಹೇಬರಿಗೆ,

ಈ ಕಾಗದವನ್ನು ತಂದವರ ಕೈಯಿಂದ ನೇರವಾಗಿ ತೆಗೆದುಕೊಳ್ಳಬೇಡಿ. ಕಾಂಪೌಂಡಿನ ಮೇಲೆ ಇಡಲು ಹೇಳಿ, ಒಂದು ಹಗಲು ಬಿಸಿಲಿಗೆ ಹಾಕಿ, ಆಮೇಲೆ ಓದಿ. ಇದನ್ನು ಓದುವ ಹೊತ್ತಿಗೆ ನೀವು ಅದ್ಯಾವುದನ್ನೂ ಮಾಡಿರುವುದಿಲ್ಲ ಎಂದು ನನಗೆ ಗೊತ್ತು. ಮುಂದಿನ ಕಾಗದಕ್ಕಾದರೂ ಮಾಡಿ.

ಸೋಂಕು ಇಳಿಯುವವರೆಗೆ ನರ್ಸುಗಳು ಯಾರೂ ಮನೆಗೆ ಹೋಗುವಂತಿಲ್ಲ. ಹೋಗು ಎಂದರೂ ನಾನು ಬರುವುದಿಲ್ಲ. ದಿನವಿಡೀ ಈ ವಾರ್ಡಿನಲ್ಲಿದ್ದು ಸಂಜೆ ಬಂದು ಅಮ್ಮನನ್ನು ಮುಟ್ಟುವ ಧೈರ್ಯ ನನಗಿಲ್ಲ. ಲಕ್ವ ಹೊಡೆದ ಮೈ, ಇನ್ನೊಂದು ಜ್ವರ ತಡೆಯುವುದಿಲ್ಲ.

ಫೋನ್ ಬೇಡ ಎಂದು ಮತ್ತೆ ಹೇಳುತ್ತಿದ್ದೇನೆ. ಅಮ್ಮ ನೌಕರಿಯುದ್ದಕ್ಕೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವಳು. ಎಲ್ಲ ಮರೆತರೂ ಗಂಟೆಯ ಸದ್ದು ಮರೆತಿಲ್ಲ. ಫೋನ್ ರಿಂಗಾದರೆ ಸಾಕು, ಕರೆ ತೆಗೆದುಕೊಳ್ಳಲು ಏಳಲು ನೋಡುತ್ತಾಳೆ. ನಾನು ಹೊರಡುವ ದಿನ ಮಂಚದಿಂದ ಅರ್ಧ ಜಾರಿದ್ದವಳನ್ನು ನೀವೇ ಹಿಡಿದಿರಿ. ಫೋನಿನ ಬಾಯಿ ಮುಚ್ಚಿಸಿ ಬೀರುವಿನೊಳಗಿಡಿ. ತೀರಾ ತುರ್ತಾದರೆ ಹಿತ್ತಲಿಗೆ ತೆಗೆದುಕೊಂಡು ಹೋಗಿ ಮಾತಾಡಿ. ಉಳಿದದ್ದೆಲ್ಲ ಕಾಗದದಲ್ಲಿ.

ಗಂಜಿ ತೆಳ್ಳಗಿರಲಿ. ತಲೆ ಎತ್ತಿ ಕೂರಿಸಿ, ಚಿಕ್ಕ ಚಮಚದಲ್ಲಿ ಕೊಡಿ, ನುಂಗಿದ್ದಾಳೋ ಇಲ್ಲವೋ ನೋಡಿ ಮುಂದಿನ ಚಮಚ. ಬೆಳಿಗ್ಗೆ ಬಿಸಿನೀರಲ್ಲಿ ಬಟ್ಟೆ ಅದ್ದಿ ಮೈ ಒರೆಸಿ. ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಅಮ್ಮನನ್ನು ಎರಡು ಗಂಟೆಗೊಮ್ಮೆ ತಿರುಗಿಸಿ. ಒಂದು ಸಲವೂ ತಪ್ಪಿಸಬೇಡಿ. ತಪ್ಪಿದರೆ ಬೆನ್ನಿಗೆ ಹುಣ್ಣಾಗುತ್ತದೆ, ಹುಣ್ಣು ಕೀವಾಗುತ್ತದೆ, ಕೀವಾದರೆ ಆಸ್ಪತ್ರೆಗೆ ಬರಬೇಕು, ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ.

ಊರಾಚೆಯ ಆರೈಕೆ ಕೇಂದ್ರದಲ್ಲಿ ಅಮ್ಮನ ಹೆಸರು ಬರೆಸಿದ್ದೇನೆ. ಸಿಟ್ಟಾಗಬೇಡಿ. ನಿಮ್ಮ ಕೈಲಾಗದೆ ಹೋದರೆ ಇರಲಿ ಎಂದಷ್ಟೇ. ಅಲ್ಲಿ ಈಗ ಹೊರಗಿನವರನ್ನು ಬಿಡುವುದಿಲ್ಲ, ಒಳಗೆ ಹೋದವರನ್ನು ಮತ್ತೆ ಯಾವಾಗ ನೋಡುತ್ತೇವೋ ಯಾರಿಗೂ ಗೊತ್ತಿಲ್ಲ. ಮಾತು ಇದ್ದ ಕಾಲದಲ್ಲಿ ಅಮ್ಮ ನನ್ನ ಹತ್ತಿರ ಒಂದೇ ಒಂದು ಕೇಳಿಕೊಂಡಿದ್ದಳು. ‘ಎಲ್ಲಾದ್ರೂ ಬಿಡು, ಅಲ್ಲಿ ಮಾತ್ರ ಬಿಡಬೇಡ’ ಅಂತ. ಆದ್ದರಿಂದ ಅದು ಕೊನೆಯ ದಾರಿ. ಅಳಿಯನಿಂದ ಇಷ್ಟು ಕೇಳುವುದೇ ಹೆಚ್ಚು ಎಂದು ನನಗೂ ಗೊತ್ತಿದೆ.

ಇಂತಿ,
ನಿಮ್ಮ ನರ್ಸಮ್ಮ


ಏಪ್ರಿಲ್ ೬
ಮನೆ

ಸಿಸ್ಟರ್ ಅವರ ಸನ್ನಿಧಾನಕ್ಕೆ,

ಕಟ್ಟಿಕೊಂಡ ಹೆಂಡತಿಯನ್ನು ಸಿಸ್ಟರ್ ಎಂದು ಕರೆಯುವ ಗಂಡಸು ಲೋಕದಲ್ಲಿ ನಾನೊಬ್ಬನೇ ಇರಬೇಕು. ನಿನ್ನ ಕಾಗದವನ್ನು ಬಟ್ಟೆ ಒಣಗಿಸುವ ತಂತಿಗೆ ಎರಡು ಕ್ಲಿಪ್ ಹಾಕಿ ನನ್ನ ಬನಿಯನ್ ಪಕ್ಕದಲ್ಲಿ ನೇತುಹಾಕಿದ್ದೆ. ಒಂದು ಹಗಲು ಪೂರ್ತಿ. ನೀನು ನಂಬುವುದಿಲ್ಲ, ನಂಬಬೇಡ. ಪಕ್ಕದ ಮನೆಯವರು ಮಹಡಿಯಿಂದ ಕತ್ತು ಚಾಚಿ ಓದಿಕೊಂಡಿದ್ದಾರೆ ಎಂಬ ಗುಮಾನಿ ನನಗಿದೆ, ಏಕೆಂದರೆ ಸಂಜೆ ಅವರ ಮನೆಯಲ್ಲೂ ಗಂಜಿಯ ವಾಸನೆ ಬಂತು.

ಕಾಗದ ತಂದವನು ನಮ್ಮ ಡಿಪೋದಲ್ಲಿ ಎಲ್ಲರೂ ಹಾರ್ನ್ ಎಂದೇ ಕರೆಯುವ ಗೆಳೆಯ. ಈಗ ನಿಮ್ಮ ಆಸ್ಪತ್ರೆಯ ಸಿಬ್ಬಂದಿ ಬಸ್ ಓಡಿಸುತ್ತಿದ್ದಾನಂತೆ. ಬೀದಿಯಲ್ಲಿ ನರಪಿಳ್ಳೆ ಇಲ್ಲ, ಆದರೂ ತಿರುವಿನಿಂದಲೇ ಹಾರ್ನ್ ಹೊಡೆಯಲು ಶುರು ಮಾಡಿದ. ‘ಯಾರಿಗೆ ಹೊಡೀತಿದ್ದೀಯೋ’ ಎಂದರೆ, ‘ಅಭ್ಯಾಸ ತಪ್ಪಬಾರದಲ್ಲ’ ಎಂದ. ಮುಂದೆಯೂ ಅವನೇ ನಮ್ಮ ಅಂಚೆ.

ಇನ್ನು ನಿಮ್ಮಮ್ಮನ ಸಮಾಚಾರ. ಮದುವೆಯಾದಾಗಿನಿಂದ ಅವರು ನನ್ನ ಜೊತೆ ನೇರವಾಗಿ ಒಂದು ಮಾತಾಡಿದವರಲ್ಲ. ನಾನು ಎದುರಿಗೇ ಕೂತಿದ್ದರೂ ‘ಡ್ರೈವರ್ ಊಟ ಮಾಡ್ತಾರಾ ಕೇಳು’ ಎಂದು ನಿನ್ನನ್ನು ಕೇಳುತ್ತಿದ್ದರು. ನೀನು ನಮ್ಮಿಬ್ಬರ ನಡುವಿನ ಎಕ್ಸ್‌ಚೇಂಜ್ ಆಗಿದ್ದೆ. ಈಗ ಎಕ್ಸ್‌ಚೇಂಜ್ ಮನೆಯಲ್ಲಿಲ್ಲ, ಅವರಿಗೋ ‘ಉಂ’ ಬಿಟ್ಟರೆ ಬೇರೆ ಮಾತಿಲ್ಲ. ಮೊದಲ ಗಂಜಿಗೆ ತುಟಿ ಬಿಗಿದು ನನ್ನನ್ನೇ ದುರುಗುಟ್ಟಿ ನೋಡಿದರು. ಅಳಿಯನ ಕೈಯಿಂದ ತಿನ್ನಬಾರದೆಂಬ ಹಟ ಅಂದುಕೊಂಡು ನನಗೂ ಸಿಟ್ಟು ಬಂತು. ಆಮೇಲೆ ಒಂದು ಚಮಚ ನಾನೇ ಬಾಯಿಗೆ ಹಾಕಿಕೊಂಡೆ. ಉಪ್ಪೋ ಉಪ್ಪು. ಎರಡನೇ ಸಲ ಸರಿಯಾಗಿ ಮಾಡಿದೆ, ಗುಟುಕು ಗುಟುಕಾಗಿ ಕುಡಿದರು.

ಮೈ ಒರೆಸುವುದು, ಬಟ್ಟೆ ಬದಲಿಸುವುದು, ಇದನ್ನು ಹೇಗೆ ಬರೆಯಲಿ. ಮೊದಲ ದಿನ ಇಬ್ಬರೂ ಗೋಡೆ ನೋಡಿದೆವು. ಅವರ ಕಣ್ಣಲ್ಲಿ ನೀರಿತ್ತು. ಏನು ಮಾಡಲೂ ತೋಚದೆ ನನ್ನ ರೂಟಿನ ಸ್ಟಾಪುಗಳ ಹೆಸರು ಜೋರಾಗಿ ಹೇಳತೊಡಗಿದೆ. ಡಿಪೋ, ಹಳೇ ಚಿತ್ರಮಂದಿರ, ಹೆಂಗಸರ ಕಾಲೇಜು, ಮಾರ್ಕೆಟ್. ಸೇತುವೆ ದಾಟುವಷ್ಟರಲ್ಲಿ ಕೆಲಸ ಮುಗಿದಿತ್ತು. ಈಗ ದಿನವೂ ಅದೇ ಪದ್ಧತಿ. ನಿನ್ನೆ ಹೆಂಗಸರ ಕಾಲೇಜು ಮರೆತು ಮುಂದೆ ಹೋದೆ, ‘ಉಂ’ ಎಂದರು.

ತಿರುಗಿಸುವುದಂತೂ ಬಹಳ ಚೆನ್ನಾಗಿ ನಡೆದಿದೆ. ಅಡುಗೆಮನೆಯ ಹೊಸ್ತಿಲು ಸ್ವಲ್ಪ ತೊಂದರೆ ಕೊಟ್ಟಿತು, ಒಂದು ಹಲಗೆ ಹಾಕಿದೆ, ಸರಿಹೋಯಿತು. ಎರಡು ಗಂಟೆ ಎಂದರೆ ಎರಡು ಗಂಟೆ. ನಾನು ಟೈಮಿಂಗ್ ತಪ್ಪಿಸುವವನಲ್ಲ. ರಾತ್ರಿ ಮಾತ್ರ ರಜೆ. ಆಗ ಅವರೇ ನರಳಿದಾಗ ಎದ್ದು ಈ ಮಗ್ಗುಲಿಂದ ಆ ಮಗ್ಗುಲಿಗೆ ಮಾಡಿ ಮಲಗಿಸುತ್ತೇನೆ.

ಆರೈಕೆ ಕೇಂದ್ರದ ಮಾತು ಬಿಡು. ಇಡೀ ಬಸ್ಸು ತುಂಬ ಜನರನ್ನು ದಿನವೂ ಕ್ಷೇಮವಾಗಿ ಇಳಿಸಿದವನಿಗೆ ಒಬ್ಬ ಅತ್ತೆ ಭಾರವಾಗುತ್ತಾರೆಯೇ?

ನಿನ್ನ,
ಡ್ರೈವರ್


ಏಪ್ರಿಲ್ ೧೧
ಹಾಸ್ಟೆಲ್

ಡ್ರೈವರ್ ಸಾಹೇಬರಿಗೆ,

ನಿಮ್ಮ ಕಾಗದ ಓದಿ ಮಾಸ್ಕಿನೊಳಗೇ ನಕ್ಕೆ. ಇಲ್ಲಿ ನಾವೆಲ್ಲ ಅಡಿಯಿಂದ ಮುಡಿಯವರೆಗೆ ಮುಚ್ಚಿಕೊಂಡು ಒಂದೇ ಥರ ಕಾಣುತ್ತೇವೆ. ಗುರುತಿಗೆ ಒಬ್ಬರ ಬೆನ್ನ ಮೇಲೆ ಇನ್ನೊಬ್ಬರು ಹೆಸರು ಬರೆಯುತ್ತೇವೆ. ನನ್ನ ಬೆನ್ನ ಮೇಲೆ ಯಾರೋ ‘ಹೆಡ್‌ಮಾಸ್ಟರ್’ ಎಂದು ಬರೆದಿದ್ದಾರೆ. ನಾನು ಅಷ್ಟೊಂದು ಬೈಯುತ್ತೇನೆಯೇ? ಉತ್ತರ ಬೇಡ.

ಮೈ ಒರೆಸಿದ ಸಂಗತಿಯನ್ನು ಮತ್ತೆ ಮತ್ತೆ ಓದಿದೆ. ಆ ಕೆಲಸಕ್ಕೆ ನೀವು ಯಾರನ್ನಾದರೂ ಹುಡುಕುತ್ತೀರಿ ಅಂದುಕೊಂಡಿದ್ದೆ. ನೀವು ನನ್ನ ಗಂಡ ಎಂದು ಇಡೀ ವಾರ್ಡಿಗೆ ಹೇಳಿಕೊಂಡು ಬಂದೆ, ಅಷ್ಟೇ.

ಒಂದು ವಿಷಯ ಮಾತ್ರ ಅರ್ಥವಾಗಲಿಲ್ಲ. ಅಮ್ಮನ ಮಂಚ ಇರುವುದು ಹಾಲಿನಲ್ಲಿ. ಅವಳನ್ನು ತಿರುಗಿಸುವುದಕ್ಕೂ ಅಡುಗೆಮನೆಯ ಹೊಸ್ತಿಲಿಗೂ ಏನು ಸಂಬಂಧ? ಮಂಚವನ್ನು ಅಡುಗೆಮನೆಗೆ ಸಾಗಿಸಿದ್ದೀರಾ? ಕಣ್ಣೆದುರಿಗೇ ಇರಲಿ ಎಂಬ ನಿಮ್ಮ ಉದ್ದೇಶ ತಿಳಿಯುತ್ತದೆ, ಆದರೆ ಒಲೆಯ ಶಾಖ, ಒಗ್ಗರಣೆಯ ಘಾಟು ಅವಳಿಗಾಗುವುದಿಲ್ಲ. ವಾಪಸ್ ಹಾಲಿಗೆ ಹಾಕಿ. ಮತ್ತೆ, ರಾತ್ರಿ ರಜೆ ಎಂದರೇನು?

ನನ್ನ ರೂಮಿನ ಜೊತೆಗಾತಿ ಬೇರೆ ಕಡೆ ಹೋಗಿದ್ದಾಳೆ. ಈಗ ಇಡೀ ರೂಮು ನನಗೊಬ್ಬಳಿಗೇ. ಕಾಲು ಚಾಚಿ ಮಲಗುತ್ತಿದ್ದೇನೆ. ನನ್ನ ಬಗ್ಗೆ ಚಿಂತೆ ಬೇಡ.

ನಿಮ್ಮ,
ಹೆಡ್‌ಮಾಸ್ಟರ್


ಏಪ್ರಿಲ್ ೧೪
ಮನೆ

ಹೆಡ್‌ಮಾಸ್ಟರ್ ಅವರಿಗೆ,

ಮಂಚ ಇದ್ದಲ್ಲೇ ಇದೆ ಕಣೇ. ತಿರುಗುತ್ತಿರುವುದು ನಿಮ್ಮಮ್ಮ.

ಪೂರ್ತಿ ಬರೆಯುತ್ತೇನೆ, ನಿಧಾನವಾಗಿ ಓದು. ನೀನು ಆಸ್ಪತ್ರೆಯಿಂದ ತಂದು ಬಾಗಿಲ ಹಿಂದೆ ಮಡಚಿಟ್ಟಿದ್ದ ಗಾಲಿ ಕುರ್ಚಿ ಇತ್ತಲ್ಲ, ಅದನ್ನು ಹೊರಗೆ ತೆಗೆದೆ. ಎಡಗಡೆ ಚಕ್ರ ಕಿರುಗುಟ್ಟುತ್ತಿತ್ತು, ಎಣ್ಣೆ ಬಿಟ್ಟೆ. ಬ್ರೇಕ್ ಸಡಿಲವಾಗಿತ್ತು, ಬಿಗಿ ಮಾಡಿದೆ. ಬ್ರೇಕ್ ನೋಡದೆ ನಾನು ಗಾಡಿ ತೆಗೆಯುವುದಿಲ್ಲ. ಬೆನ್ನಿಗೆ ಒಂದು ದಿಂಬು, ಬಲಗಡೆ ವಾಲದಂತೆ ಇನ್ನೊಂದು, ಎದೆಗೆ ಅಡ್ಡಲಾಗಿ ಮಡಚಿದ ಬೆಡ್‌ಶೀಟು. ಅವರನ್ನು ಹೇಗೆ ಎತ್ತಬೇಕೆಂದು ನೀನೇ ತೋರಿಸಿಕೊಟ್ಟಿದ್ದೆಯಲ್ಲ, ಹಾಗೆಯೇ ಎತ್ತಿ ಕೂರಿಸುತ್ತೇನೆ. ಆಮೇಲೆ ‘ರೈಟ್’ ಎಂದು ಕಂಡಕ್ಟರ್ ಧ್ವನಿಯಲ್ಲಿ ಹೇಳಿ, ಡ್ರೈವರ್ ಆಗಿ ಹೊರಡುತ್ತೇನೆ. ಎರಡೂ ಡ್ಯೂಟಿ ನನ್ನದೇ.

ಮಂಚ ನಮ್ಮ ಡಿಪೋ. ಮೊದಲ ಸ್ಟಾಪ್ ಬೀದಿ ಕಡೆಯ ಕಿಟಕಿ. ಬೀದಿಯಲ್ಲಿ ನೋಡಲು ಏನೂ ಇಲ್ಲ, ಎದುರುಮನೆಯ ಮುದಿ ನಾಯಿ ಬಿಟ್ಟರೆ. ಅದನ್ನು ನೋಡಿ ‘ಉಂ’ ಎನ್ನುತ್ತಾರೆ. ಅಲ್ಲಿಂದ ಹಲಗೆ ಹತ್ತಿ ಅಡುಗೆಮನೆ, ಅಂದರೆ ಮಾರ್ಕೆಟ್. ಡಬ್ಬಗಳನ್ನೆಲ್ಲ ಕಣ್ಣಲ್ಲೇ ಎಣಿಸಿ ನಾನು ಎಷ್ಟು ಸಕ್ಕರೆ ಖಾಲಿ ಮಾಡಿದ್ದೇನೆಂದು ತಪಾಸಣೆ ಮಾಡುತ್ತಾರೆ. ಮುಂದೆ ಹಿತ್ತಲ ಬಾಗಿಲು, ನಲ್ಲಿ, ಸ್ವಲ್ಪ ಬಿಸಿಲು. ವಾಪಸ್ ಬರುವಾಗ ಬೀರು. ಬೀರುವಿನ ಸ್ಟಾಪಿನಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಮೊದಲು ಕನ್ನಡಿಯಲ್ಲಿ ಮುಖ ನೋಡಿಕೊಂಡು ಎಡಗೈಯಿಂದ ಕೂದಲು ಸರಿಮಾಡಿಕೊಳ್ಳುತ್ತಾರೆ. ಆಮೇಲೆ ಅದೇ ಕೈಯನ್ನು ಬೀರುವಿನ ಬಾಗಿಲ ಮೇಲಿಟ್ಟು ಸುಮ್ಮನೆ ಕೂರುತ್ತಾರೆ. ಒಳಗೆ ಫೋನಿದೆ ಎಂದು ಅವರಿಗೆ ಹೇಗೋ ಗೊತ್ತಾಗಿದೆ.

ಪ್ರತಿ ಸ್ಟಾಪಿನಲ್ಲೂ ‘ಹೋಲ್ಡಾನ್’, ಹೊರಡುವಾಗ ‘ರೈಟ್’. ಬೆಳಿಗ್ಗೆಯಿಂದ ಸಂಜೆಯವರೆಗೆ ನೀನು ಹೇಳಿದಂತೆ ಎರಡು ಗಂಟೆಗೊಮ್ಮೆ. ಈ ಔಷಧ ಯಾವ ಡಾಕ್ಟರು ಕಂಡುಹಿಡಿದದ್ದೋ, ಅವರಿಗೆ ನನ್ನ ನಮಸ್ಕಾರ ತಿಳಿಸು. ಅತ್ತೆಯ ಮುಖಕ್ಕೆ ಬಣ್ಣ ಬಂದಿದೆ. ನಾನೂ ಬಸ್ಸುಗಳು ನಿಂತಾಗಿನಿಂದ ಸ್ಟೇರಿಂಗ್ ಇಲ್ಲದೆ ಕೈ ಕಟ್ಟಿ ಕೂತಿದ್ದವನು, ನನಗೂ ಜೀವ ಬಂದಿದೆ.

ನಿನ್ನ,
ಡ್ರೈವರ್ ಕಂ ಕಂಡಕ್ಟರ್


ಏಪ್ರಿಲ್ ೧೬
ಹಾಸ್ಟೆಲ್

ರೀ,

ತಿರುಗಿಸಿ ಎಂದರೆ ಮಗ್ಗುಲು ಬದಲಿಸಿ ಎಂದರ್ಥ. ಮಂಚದ ಮೇಲೆ. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಮನೆಯೆಲ್ಲ ಸುತ್ತಿಸಿ ಎಂದಲ್ಲ. ನಿಮ್ಮ ತಲೆಯೊಳಗೆ ಸ್ಟೇರಿಂಗ್ ಬಿಟ್ಟು ಬೇರೇನಾದರೂ ಇದೆಯೇ?

ಡಾಕ್ಟರು ಇನ್ನೂ ಕುರ್ಚಿಯಲ್ಲಿ ಕೂರಿಸಿ ಎಂದೇ ಹೇಳಿಲ್ಲ, ನೀವು ಹಲಗೆ ಹತ್ತಿಸುತ್ತಿದ್ದೀರಿ. ಜಾರಿದರೆ? ಸೊಂಟ ಮುರಿದರೆ? ಬೆಡ್‌ಶೀಟಿನ ಬೆಲ್ಟು, ಎಣ್ಣೆ ಬಿಟ್ಟ ಚಕ್ರ. ಓದುತ್ತಾ ಓದುತ್ತಾ ನನಗೆ ಜೀವ ಬಾಯಿಗೆ ಬಂತು. ಈ ಕ್ಷಣದಿಂದ ನಿಮ್ಮ ಬಸ್ಸು ಬಂದ್. ಬೆನ್ನು, ಸೊಂಟ, ಹಿಮ್ಮಡಿ ನೋಡಿ, ಎಲ್ಲಾದರೂ ಕೆಂಪಾಗಿದೆಯೇ ಬರೆಯಿರಿ.

ಆರೈಕೆ ಕೇಂದ್ರದವರು ಒಂದು ಹಾಸಿಗೆ ಖಾಲಿಯಾಗಿದೆ, ಬೇಕೇ ಎಂದು ಕೇಳಿದ್ದಾರೆ. ನಾನಿನ್ನೂ ಉತ್ತರ ಕೊಟ್ಟಿಲ್ಲ.

ತಲೆ ಸಿಡಿಯುತ್ತಿದೆ. ಇನ್ನು ಬರೆಯಲಾರೆ.


ಏಪ್ರಿಲ್ ೧೯
ಮನೆ

ಸಿಸ್ಟರ್ ಅವರಿಗೆ,

ಬಸ್ಸು ಡಿಪೋದಲ್ಲಿದೆ. ತಪ್ಪು ನನ್ನದು, ಒಪ್ಪಿದೆ. ನಿಘಂಟಿನದೂ ಸ್ವಲ್ಪ ಇದೆ. ಹೊಸ ಹೆಂಡತಿಯನ್ನು ಊರೆಲ್ಲ ತಿರುಗಿಸಿದ ಎನ್ನುತ್ತಾರೆ, ಅಂದರೆ ಮಂಚದ ಮೇಲೆ ಮಗ್ಗುಲು ಬದಲಿಸಿದ ಎಂದೇ? ನನ್ನ ಕಿವಿಗೆ ಆ ಮಾತು ಹೇಗೆ ಬಿತ್ತೋ ಹಾಗೆ ಮಾಡಿದೆ. ಈಗ ನೀನು ಹೇಳಿದಂತೆ ಎಡ, ಬಲ, ಎಡ.

ಬೆನ್ನು ನೋಡಿದೆ. ಕನ್ನಡಕ ಹಾಕಿ, ಟಾರ್ಚು ಬಿಟ್ಟು, ಹಿಮ್ಮಡಿಯವರೆಗೆ ನೋಡಿದೆ. ಎಲ್ಲೂ ಕೆಂಪಿಲ್ಲ. ಸೊಂಟ ಭದ್ರವಾಗಿದೆ. ಗಾಡಿಗೆ ಒಂದು ಗೀರೂ ಆಗಿಲ್ಲ.

ಆದರೆ ಪ್ರಯಾಣಿಕರು ಗಲಾಟೆ ಮಾಡುತ್ತಿದ್ದಾರೆ. ಟೈಮ್ ಆಯಿತೆಂದರೆ ಗೋಡೆ ಗಡಿಯಾರ ನೋಡುತ್ತಾರೆ, ಬಾಗಿಲ ಹಿಂದಿನ ಕುರ್ಚಿ ನೋಡುತ್ತಾರೆ, ನನ್ನನ್ನು ನೋಡುತ್ತಾರೆ. ನಾನು ಮಗ್ಗುಲು ಬದಲಿಸಿ ಹೋದರೆ ಎಡಗೈಯಿಂದ ಮಂಚದ ಕಂಬಿಗೆ ಬಡಿಯುತ್ತಾರೆ. ನಿನ್ನೆಯಿಂದ ಗಂಜಿಗೂ ತುಟಿ ಬಿಗಿದಿದ್ದಾರೆ, ಉಪ್ಪು ಸರಿಯಾಗಿದೆ, ನಾನು ನೋಡಿದೆ. ‘ಅತ್ತೆ, ಇದು ನಿಮ್ಮ ಮಗಳ ಆರ್ಡರ್, ನನ್ನನ್ನ ನೋಡಿದ್ರೆ ಏನು ಬಂತು’ ಎಂದೆ. ಮುಖ ಆ ಕಡೆ ತಿರುಗಿಸಿದರು. ಅದು ಯಾವ ಅರ್ಥದ ತಿರುಗಿಸುವುದೋ ನೀನೇ ಹೇಳು.

ನಿಧಾನವಾಗಿ, ಹಲಗೆ ಇಲ್ಲದೆ, ಹಾಲಿನೊಳಗೆ ಮಾತ್ರ, ದಿನಕ್ಕೆ ಒಂದೆರಡು ಟ್ರಿಪ್. ನಿಮ್ಮ ಡಾಕ್ಟರನ್ನು ಕೇಳಿ ಪರ್ಮಿಟ್ ಕೊಡಿಸು. ಆ ಕೇಂದ್ರದ ಹಾಸಿಗೆ ಮಾತ್ರ ನಮಗೆ ಬೇಡ. ಬೇಡ ಎಂದು ಇವತ್ತೇ ಹೇಳಿಬಿಡು.

ನಿನ್ನ,
ಸಸ್ಪೆಂಡ್ ಆದ ಡ್ರೈವರ್


ಏಪ್ರಿಲ್ ೨೭
ಮನೆ

ಸಿಸ್ಟರ್ ಅವರಿಗೆ,

ಒಂದು ವಾರವಾಯಿತು, ನಿನ್ನ ಉತ್ತರವಿಲ್ಲ. ಫೋನಿಗೆ ‘ಕೆಲಸ ಜಾಸ್ತಿ, ಚೆನ್ನಾಗಿದ್ದೇನೆ’ ಎಂಬ ಒಂದು ಸಾಲು ಬಂದಿತ್ತು. ಹಿತ್ತಲಿಗೆ ಹೋಗಿ ವಾರ್ಡಿಗೆ ಫೋನ್ ಮಾಡಿದೆ. ‘ಡ್ಯೂಟಿಯಲ್ಲಿದ್ದಾರೆ, ತೊಂದರೆ ಕೊಡ್ಬೇಡಿ’ ಎಂದು ಯಾರೋ ಇಟ್ಟುಬಿಟ್ಟರು. ನಿನ್ನ ಕೋಪ ನನಗೆ ಹೊಸದಲ್ಲ, ಆದರೆ ಬೈದು ತೀರಿಸಿಕೊಳ್ಳುವವಳು ನೀನು, ಹೀಗೆ ಬಾಯಿ ಕಟ್ಟಿಕೊಂಡು ಕೂರುವವಳಲ್ಲ. ತಂತಿಯ ಮೇಲೆ ನನ್ನ ಬನಿಯನ್ ಒಂದೇ ಒಣಗುತ್ತಿದೆ.

ಹಾರ್ನ್‌ಗೂ ಏನೋ ಆಗಿದೆ. ಮೊನ್ನೆ ಬಂದಾಗ ಒಂದು ಸಲವೂ ಹಾರ್ನ್ ಹೊಡೆಯಲಿಲ್ಲ. ಕಾಂಪೌಂಡಿನ ಹತ್ತಿರ ನಿಂತು ಶೂ ನೋಡಿಕೊಂಡ. ‘ಮನೇಲಿ ಜಗಳವೇನೋ’ ಎಂದೆ. ‘ಹೂಂ’ ಎಂದ.

ಈಗ ಒಂದು ಸುದ್ದಿ ಹೇಳುತ್ತೇನೆ. ಬೈಯುವುದಿದ್ದರೆ ಪೂರ್ತಿ ಓದಿ ಬೈ.

ಅತ್ತೆ ಊಟ ಬಿಟ್ಟಿದ್ದನ್ನು ನನ್ನಿಂದ ನೋಡಲಾಗಲಿಲ್ಲ. ಪರ್ಮಿಟ್ ಇಲ್ಲದೆಯೇ ಗಾಡಿ ತೆಗೆದೆ. ಹಾಲಿನೊಳಗೆ ಮಾತ್ರ, ನಡೆಯುವ ವೇಗದಲ್ಲಿ. ಕಿಟಕಿ ಆಯಿತು, ಮೂಲೆ ತಿರುಗಿದೆವು, ಬೀರು ಬಂತು. ನಾನು ನಿನ್ನ ಕೋಪದ ಗುಂಗಿನಲ್ಲಿ ಸ್ಟಾಪ್ ಮರೆತು ಮುಂದೆ ತಳ್ಳಿಕೊಂಡು ಹೋದೆ. ಆಗ ಕುರ್ಚಿಯಿಂದ ಒಂದು ಧ್ವನಿ ಬಂತು.

‘ಹೋಲ್ಡಾನ್.’

ಸ್ಪಷ್ಟವಾಗಿ. ನಾನು ಸುತ್ತ ನೋಡಿದೆ, ಪಕ್ಕದ ಮನೆಯವರೇನೋ ಅಂದುಕೊಂಡೆ. ಮುಂದೆ ಬಂದು ಅವರ ಮುಖ ನೋಡಿದರೆ, ಅವರಿಗೇ ಆಶ್ಚರ್ಯ. ಮತ್ತೊಮ್ಮೆ ‘ಹೋಲ್ಡಾನ್’ ಎಂದು ಬೀರು ತೋರಿಸಿದರು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅತ್ತೆ ನನ್ನ ಜೊತೆ ನೇರವಾಗಿ ಆಡಿದ ಮೊದಲ ಮಾತು ಅದು, ಅದೂ ನನ್ನ ಬಸ್ಸಿನ ಮಾತು. ಆಮೇಲೆ ಗಂಜಿ ಪೂರ್ತಿ ಕುಡಿದರು.

ಇನ್ನು ಬೈ. ತಂತಿ ಖಾಲಿ ಇದೆ.

ನಿನ್ನ,
ಡ್ರೈವರ್


ಮೇ ೨

ರೀ,

ಐದನೇ ತಾರೀಖು ಬೆಳಿಗ್ಗೆ ಆರೈಕೆ ಕೇಂದ್ರದ ವ್ಯಾನ್ ಬರುತ್ತದೆ. ಅಮ್ಮನನ್ನು ಕಳಿಸಿಕೊಡಿ. ಅವಳ ಬಟ್ಟೆ, ಕನ್ನಡಕ, ನೀಲಿ ಶಾಲು ಜೊತೆಗಿಡಿ. ಶಾಲು ಇಲ್ಲದಿದ್ದರೆ ನಿದ್ದೆ ಮಾಡುವುದಿಲ್ಲ.

ನಿಮ್ಮ ಮೇಲೆ ಕೋಪವಿಲ್ಲ. ಅಮ್ಮ ಮಾತಾಡಿದ್ದನ್ನು ಓದಿದೆ. ಬಹಳ ಸಲ ಓದಿದೆ. ಆದರೂ ಕಳಿಸಿಕೊಡಿ. ನೀವು ಅಳಿಯ. ನನ್ನ ಕಡೆಯಿಂದ ಬಂದ ಸಂಬಂಧ. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಅಮ್ಮ ನಿಮಗೆ ಏನಾಗಬೇಕು? ಈ ಭಾರವನ್ನು ನಿಮ್ಮ ತಲೆಗೆ ಕಟ್ಟಿ ಹೋಗಲು ನನಗೆ ಮನಸ್ಸಿಲ್ಲ.

ವಾದ ಬೇಡ. ವಾದ ಮಾಡುವ ಶಕ್ತಿ ನನಗಿಲ್ಲ.


ಮೇ ೫
ಮನೆ

ನನ್ನವಳೇ,

ಈ ಸಲ ನಿನ್ನ ಕಾಗದವನ್ನು ಬಿಸಿಲಿಗೆ ಹಾಕಲಿಲ್ಲ. ನಿನ್ನೆ ಹಾರ್ನ್ ಕಾಂಪೌಂಡಿನ ಮೇಲಿಟ್ಟ ಕೂಡಲೇ ಅಲ್ಲೇ ನಿಂತು ಓದಿದೆ. ಗೆರೆ ಎಳೆದ ಹಾಗೆ ಬರೆಯುವವಳು ನೀನು. ಇದರಲ್ಲಿ ಅಕ್ಷರಗಳೆಲ್ಲ ಪೆನ್ಸಿಲಿನಲ್ಲಿ ಕೆಳಗೆ ಜಾರಿಕೊಂಡು ಹೋಗಿದ್ದವು. ‘ಕಟ್ಟಿ ಹೋಗಲು’ ಎಂದು ಬರೆದಿದ್ದೆ. ಎಲ್ಲಿಗೆ ಹೋಗಲು?

ಹಾರ್ನ್ ಬಸ್ ಹತ್ತುತ್ತಿದ್ದ.

‘ನಿಲ್ಲೋ. ಅವಳಿಗೇನಾಗಿದೆ?’

‘ಏನಿಲ್ಲ ಕಣೋ.’

‘ನೀನು ಹಾರ್ನ್ ಹೊಡೆಯೋದು ಬಿಟ್ಟಿದ್ದು ಯಾಕೆ?’

ಅವನು ಮೆಟ್ಟಿಲ ಮೇಲೆ ಹಾಗೇ ಕೂತ. ‘ಅತ್ತಿಗೆ ಆಣೆ ಹಾಕಿಸ್ಕೊಂಡಿದ್ರು ಕಣೋ. ನಿನಗೆ ಗೊತ್ತಾದ್ರೆ ಅಮ್ಮನ್ನ ಬಿಟ್ಟು ಓಡಿ ಬರ್ತೀಯ ಅಂತ. ನಿನ್ನ ಬಸ್ಸು ಬಂದ್ ಅಂತ ಬೈದು ಬರೆದ್ರಲ್ಲ, ಅದರ ಮಾರನೇ ದಿನಾನೇ ಜ್ವರ. ಆಮೇಲೆ ಆಕ್ಸಿಜನ್ ಹಾಕಿದ್ರು. ಈಗ ಇಳೀತಿದೆ ಅಂತಾರೆ. ನಾನು ಬಾಯಿ ಬಿಟ್ಟಿಲ್ಲ, ನೀನೇ ಕಂಡುಹಿಡಿದೆ.’ ಜೀವಮಾನದಲ್ಲಿ ಮೊದಲ ಸಲ ಸದ್ದು ಮಾಡದೆ ಇದ್ದವನು ಆಮೇಲೆ ಗಟ್ಟಿಯಾಗಿ ಅತ್ತ. ನಾನೂ ಕಾಂಪೌಂಡಿನ ಈ ಕಡೆ ನಿಂತು ಅತ್ತುಬಿಟ್ಟೆ. ಹತ್ತಿರ ಹೋಗಿ ಭುಜ ಹಿಡಿಯುವ ಹಾಗೂ ಇರಲಿಲ್ಲ.

ನಾನು ನಿನ್ನ ಮೌನವನ್ನು ಕೋಪ ಅಂದುಕೊಂಡು ತಮಾಷೆ ಬರೆಯುತ್ತಿದ್ದೆ. ನೀನು ಉಸಿರಿಗೆ ಒದ್ದಾಡುತ್ತಾ ಅದನ್ನು ಓದುತ್ತಿದ್ದೆ. ಓಡಿ ಬರಬೇಕು ಅನ್ನಿಸಿತು. ಬರಲಿಲ್ಲ. ಹಿತ್ತಲಿಗೆ ಹೋಗಿ ವಾರ್ಡಿಗೆ ಫೋನ್ ಮಾಡಿ, ‘ನನಗೆಲ್ಲ ಗೊತ್ತು, ಸುಳ್ಳು ಹೇಳಬೇಡಿ’ ಎಂದೆ. ಆ ಹುಡುಗಿ ನಿಜ ಹೇಳಿದಳು. ನೀನು ಎದ್ದು ಕೂತಿದ್ದೀಯ ಎಂದಳು. ಅದನ್ನು ಕೇಳಿದ ಮೇಲೆ ವ್ಯಾನಿಗೆ ಕಾಯುತ್ತಾ ಕೂತೆ, ಕಳಿಸುವುದಿಲ್ಲ ಎಂದು ಹೇಳಲು.

ಇವತ್ತು ಬೆಳಿಗ್ಗೆ ವ್ಯಾನ್ ಬಂತು. ಮೈ ತುಂಬ ಮುಚ್ಚಿಕೊಂಡ ಒಬ್ಬ ಹೆಂಗಸು, ಒಬ್ಬ ಗಂಡಸು, ಸೀಟಿನಲ್ಲಿ ಡ್ರೈವರ್.

‘ನಮ್ಮತ್ತೇನ ಕಳಿಸಲ್ಲ. ನೀವು ಹೊರಡಿ,’ ಎಂದೆ.

‘ಒಪ್ಪಿಗೆ ಮಗಳದ್ದು ಸಾರ್. ನೀವೇನಾಗಬೇಕು?’ ಎಂದಳು ಆ ಹೆಂಗಸು.

‘ಅಳಿಯ.’

‘ಅಳಿಯ ಬೇಡ ಅಂದ್ರೆ ನಡೆಯಲ್ಲ. ಮಗಳು ಹೇಳ್ಬೇಕು, ಇಲ್ಲಾ ಪೇಷಂಟೇ ಹೇಳ್ಬೇಕು. ಪೇಷಂಟಿಗೆ ಮಾತಿಲ್ಲ ಅಂತ ನಮ್ಮ ಹತ್ರ ಬರೆದಿದೆ. ಸುಮ್ನೆ ದಾರಿ ಬಿಡಿ, ಇನ್ನೂ ನಾಕು ಮನೆಗೆ ಹೋಗ್ಬೇಕು.’

ಮಗಳಿಗೆ ಫೋನ್ ಮಾಡಿ ಎನ್ನಲು ಬಾಯಿ ಬರಲಿಲ್ಲ. ಮಾಡಿದರೆ ನೀನು ಏನು ಹೇಳುತ್ತೀಯೆಂದು ಗೊತ್ತಿತ್ತು. ಅವರು ಅತ್ತೆಯನ್ನು ನಮ್ಮ ಕುರ್ಚಿಯಲ್ಲೇ ಕೂರಿಸಿ, ಶಾಲು ಹೊದಿಸಿ, ತಳ್ಳಿಕೊಂಡು ಹೊರಟರು. ನಾನು ಇಷ್ಟು ದಿನ ಬಿಗಿ ಮಾಡಿಟ್ಟ ಕುರ್ಚಿ, ಒಂದು ಸದ್ದೂ ಮಾಡದೆ ಉರುಳಿತು. ಗಾಡಿಗೆ ಯಾಕಾದರೂ ಎಣ್ಣೆ ಬಿಟ್ಟೆನೋ ಅನ್ನಿಸಿತು. ಬಾಗಿಲು ಬಂತು. ಮುಂದಿನ ಚಕ್ರ ಹೊರಗೆ ಹೋಯಿತು. ಅತ್ತೆ ಎಡಗೈಯಿಂದ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದರು.

‘ಹೋಲ್ಡಾನ್.’

ಬೀದಿಗೆಲ್ಲ ಕೇಳಿಸುವ ಹಾಗೆ. ವ್ಯಾನಿನ ಡ್ರೈವರ್ ಎಂಜಿನ್ನನ್ನೇ ಆಫ್ ಮಾಡಿದ. ನಮ್ಮ ಡ್ರೈವರ್ ಜಾತಿಯವರಿಗೆ ಆ ಮಾತು ಕೇಳಿದರೆ ಕಾಲು ತಾನೇ ಬ್ರೇಕಿಗೆ ಹೋಗುತ್ತದೆ.

‘ಯಾರು ಹೇಳಿದ್ದು?’ ಎಂದಳು ಆ ಹೆಂಗಸು.

‘ಪೇಷಂಟು,’ ಎಂದೆ.

‘ಅದು ಬೇಡ ಅಂತಾನಾ, ಸ್ವಲ್ಪ ತಡೀರಿ ಅಂತಾನಾ?’

‘ನೀವೇ ಕೇಳಿ.’

ಆಕೆ ಒಳ್ಳೆಯವಳು. ಕುರ್ಚಿಯ ಮುಂದೆ ಮೊಣಕಾಲೂರಿ ಕೂತಳು. ‘ಅಮ್ಮಾ, ನಮ್ಮ ಜೊತೆ ಬರ್ತೀರಾ? ಯಾರ ಹತ್ರ ಇರ್ತೀರಿ ಹೇಳಿ.’

ಅತ್ತೆಯ ತುಟಿ ಬಹಳ ಹೊತ್ತು ಒದ್ದಾಡಿತು. ಕೊನೆಗೆ ಒಂದು ಮಾತು ಬಂತು.

‘ಡ್ರೈವರ್.’

ವ್ಯಾನಿನಲ್ಲಿ ಕೂತಿದ್ದ ಆ ಪಾಪದ ಮನುಷ್ಯ ‘ನಾನಾ’ ಎಂದು ತಲೆ ಹೊರಗೆ ಹಾಕಿದ. ಅತ್ತೆ ಚೌಕಟ್ಟು ಬಿಟ್ಟು ನನ್ನ ಅಂಗಿ ಹಿಡಿದರು. ಜೇಬು ಹರಿಯಿತು, ನೀನು ಬಂದು ಹೊಲಿಯಬೇಕು. ಆ ಹೆಂಗಸು ಎದ್ದು, ‘ಪೇಷಂಟ್ ಒಪ್ಪಲ್ಲ ಅಂತ ಹೇಳ್ತೀನಿ ಸಾರ್. ಚೆನ್ನಾಗಿ ನೋಡ್ಕೊಳ್ಳಿ’ ಎಂದು ವ್ಯಾನ್ ಹತ್ತಿದಳು.

ಈಗ ನೀನು ಕೇಳಿದ್ದಕ್ಕೆ ಉತ್ತರ. ಅವರು ನಿನ್ನಿಂದ ಬಂದ ಸಂಬಂಧ, ನಿಜ. ಮದುವೆಯ ದಿನ ನಿನ್ನ ಜೊತೆ ಬಂದವರು. ಆದರೆ ನೀನು ಇದ್ದರೂ, ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ, ನೀನು ಇಲ್ಲದಿದ್ದರೂ, ಅವರು ನನ್ನ ಅತ್ತೆ. ಎಲ್ಲಿಗೂ ಕಳಿಸುವುದಿಲ್ಲ. ಇದು ನನ್ನ ಮೇಲೆ ನೀನು ಹೊರಿಸಿದ ಭಾರ ಅಂದುಕೊಂಡಿದ್ದರೆ ಇವತ್ತಿಗೆ ಇಳಿಸಿಕೋ. ಹಗುರವಾಗಿ ಉಸಿರಾಡು. ನಿನಗೆ ಈಗ ಬೇಕಾಗಿರುವುದು ಅದೊಂದೇ.

ಅವರು ಹೋದ ಮೇಲೆ ‘ರೈಟ್ ಹೇಳಿ ಅತ್ತೆ, ಹೊರಡೋಣ’ ಎಂದೆ. ಹೇಳಲಿಲ್ಲ. ನಾನೇ ಹೇಳಿಕೊಂಡು ಹೊರಟೆ. ಎದುರುಮನೆಯ ನಾಯಿ ನೋಡಿ, ಬೀರುವಿನವರೆಗೆ ಹೋಗಿ ಬಂದೆವು.

ನಿನ್ನ,
ಡ್ರೈವರ್


ಮೇ ೯
ವಾರ್ಡಿನಿಂದ

ರೀ,

ಇದನ್ನು ದಿಂಬಿಗೆ ಒರಗಿ ಕೂತು ಬರೆಯುತ್ತಿದ್ದೇನೆ. ನನ್ನದೇ ವಾರ್ಡು, ಕಿಟಕಿ ಪಕ್ಕದ ಹಾಸಿಗೆ. ಇಷ್ಟು ದಿನ ಹಾಸಿಗೆಯ ಆ ಕಡೆ ನಿಂತು ಕಂಡವಳಿಗೆ ಈ ಕಡೆಯಿಂದ ಸೀಲಿಂಗಿನ ಕಲೆಗಳೆಲ್ಲ ಬಾಯಿಪಾಠವಾಗಿವೆ. ಆಕ್ಸಿಜನ್ ತೆಗೆದರು. ಗಂಟಲು ಇನ್ನೂ ಒರಟು, ಬೈಯಲು ಸ್ವಲ್ಪ ದಿನ ಬೇಕು. ಹಾರ್ನ್ ಆಣೆ ಮುರಿದೆನೆಂದು ಕೈಮುಗಿದು ಕಿಟಕಿಯ ಕೆಳಗೆ ನಿಂತಿದ್ದ, ಮಾಫಿ ಮಾಡಿದ್ದೇನೆ. ಹೋಗುವಾಗ ಆಸ್ಪತ್ರೆಯ ಗೇಟಿನಲ್ಲೇ ಹಾರ್ನ್ ಹೊಡೆದು ಬೈಸಿಕೊಂಡ.

ನಿಮಗೆ ಹೇಳಬೇಕಾದದ್ದು ಒಂದಿದೆ. ನನಗೆ ಉಸಿರು ಸಿಗದಿದ್ದಾಗ ಜೊತೆಯವರು ನನ್ನನ್ನು ಬೋರಲು ಮಲಗಿಸಿದರು. ಆಮೇಲೆ ಎಡಕ್ಕೆ, ಬಲಕ್ಕೆ, ಮತ್ತೆ ಬೋರಲು. ನಾನು ಎಷ್ಟೋ ಜನರಿಗೆ ಮಾಡಿದ್ದನ್ನೇ ನನಗೂ ಮಾಡಿದರು, ಎರಡು ಗಂಟೆಗೊಮ್ಮೆ. ಹಾಗೆ ತಿರುಗಿಸಿದಾಗಲೆಲ್ಲ ನಾನು ಮನಸ್ಸಿನಲ್ಲೇ ನಿಮ್ಮ ಬಸ್ಸು ಹತ್ತುತ್ತಿದ್ದೆ. ಕಿಟಕಿ, ಅಡುಗೆಮನೆ, ಹಿತ್ತಲ ನಲ್ಲಿ, ಬೀರು. ಒಂದು ಸುತ್ತು ಮುಗಿಯುವಷ್ಟರಲ್ಲಿ ಸ್ವಲ್ಪ ಉಸಿರು ಬರುತ್ತಿತ್ತು. ಆ ಬಸ್ಸನ್ನು ಬೈದು ನಿಲ್ಲಿಸಿದವಳು ನಾನೇ, ಅದರಲ್ಲಿ ಹೆಚ್ಚು ಓಡಾಡಿದವಳೂ ನಾನೇ.

ಇನ್ನೊಂದು ವಿಷಯ. ‘ಹೋಲ್ಡಾನ್’ ನಿಮ್ಮ ಬಸ್ಸಿನ ಮಾತು ಎಂದು ಜಂಬ ಕೊಚ್ಚಿಕೊಳ್ಳಬೇಡಿ. ಅಮ್ಮ ಹೆಡ್‌ಫೋನ್ ಹಾಕಿಕೊಂಡು ದಿನಕ್ಕೆ ನೂರಾರು ಸಲ ಆ ಮಾತು ಹೇಳಿದವಳು. ಚಿಕ್ಕವಳಿದ್ದಾಗ ರಜೆಯಲ್ಲಿ ನನ್ನನ್ನು ಎಕ್ಸ್‌ಚೇಂಜಿಗೆ ಕರೆದುಕೊಂಡು ಹೋಗುತ್ತಿದ್ದಳು, ನಾನು ಅವಳ ಸ್ಟೂಲಿನ ಪಕ್ಕ ಕೂತು ಕೇಳುತ್ತಿದ್ದೆ. ಬಸ್ಸಿನಲ್ಲಿ ಆ ಮಾತಿಗೆ ನಿಲ್ಲಿಸಿ ಎಂದರ್ಥ. ಎಕ್ಸ್‌ಚೇಂಜಿನಲ್ಲಿ ಹಾಗಲ್ಲ. ಲೈನ್ ಬಿಡಬೇಡಿ, ಆ ಕಡೆಯವರು ಸಿಗುತ್ತಾರೆ ಎಂದರ್ಥ. ಫೋನಿಟ್ಟ ಬೀರುವಿನ ಮುಂದೆ ಅಮ್ಮ ‘ಹೋಲ್ಡಾನ್’ ಎಂದಳು ಎಂದು ನೀವು ಬರೆದಾಗ, ಅದು ನಿಮಗಲ್ಲ, ನನಗೇ ಹೇಳಿದ್ದು ಎಂದುಕೊಂಡೆ. ತಪ್ಪು ತಿಳಿದಿದ್ದರೂ ಇರಲಿ, ಈ ಮನೆಯಲ್ಲಿ ತಪ್ಪು ತಿಳಿಯುವ ಹಕ್ಕು ನಿಮಗೊಬ್ಬರಿಗೇ ಇಲ್ಲವಲ್ಲ. ನಿಮ್ಮ ಕಾಗದ ಎದೆಯ ಮೇಲಿಟ್ಟುಕೊಂಡು ಲೈನ್ ಬಿಡದೆ ಹಿಡಿದುಕೊಂಡೆ. ಮರುದಿನ ಮತ್ತೆ ಹೆದರಿಕೆಯಾಯಿತು, ವ್ಯಾನಿಗೆ ಹೇಳಿಸಿದೆ. ನಿಮ್ಮ ಮೇಲಿನ ಅಪನಂಬಿಕೆಯಿಂದಲ್ಲ. ನಾನು ಹೋದರೆ ನಿಮ್ಮಿಬ್ಬರ ನಡುವಿನ ಎಕ್ಸ್‌ಚೇಂಜ್ ಮುಚ್ಚಿಹೋಗುತ್ತದೆ ಅಂದುಕೊಂಡಿದ್ದೆ. ನೀವಿಬ್ಬರೂ ಆಗಲೇ ನೇರವಾಗಿ ಮಾತಾಡಿಕೊಳ್ಳುತ್ತಿದ್ದೀರಿ ಎಂದು ನನಗೆ ಹೊಳೆಯಲಿಲ್ಲ.

ಕೇಂದ್ರದಲ್ಲಿ ಅಮ್ಮನ ಹೆಸರು ಹೊಡೆದುಹಾಕಿಸಿದ್ದೇನೆ. ಡಾಕ್ಟರನ್ನೂ ಕೇಳಿದೆ. ಕೂರಿಸಬಹುದಂತೆ, ದಿನಕ್ಕೆ ಇಷ್ಟಿಷ್ಟೇ, ಅವಳಿಗೆ ದಣಿವಾಗದ ಹಾಗೆ. ಬೆಡ್‌ಶೀಟು ಬೇಡ, ಸರಿಯಾದ ಬೆಲ್ಟನ್ನು ಹಾರ್ನ್ ಕೈಯಲ್ಲಿ ಕಳಿಸಿದ್ದೇನೆ, ಒಂದು ಹಗಲು ತಂತಿಗೆ ಹಾಕಿ. ಹಲಗೆಯ ಎರಡೂ ಕಡೆ ಮೊಳೆ ಹೊಡೆಯಿರಿ. ಹರಿದ ಅಂಗಿ ತೆಗೆದಿಡಿ.

ನಾನು ಬರುವವರೆಗೆ ಅಮ್ಮನನ್ನು ಎರಡು ಗಂಟೆಗೊಮ್ಮೆ ತಿರುಗಿಸಿ. ಎರಡೂ ಅರ್ಥದಲ್ಲಿ.

ನಿಮ್ಮ,
ಹೆಡ್‌ಮಾಸ್ಟರ್